ರಾಮಬಾಣವೋ, ಮಗ್ಗದ ಎಳೆಯೋ?

ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರನು ಹೇಳಿರುವನಷ್ಟೆ. ಆ ಒರೆಗಲ್ಲಿಗೆ ಕಾವ್ಯವನ್ನು ಮಾತ್ರ ತಿಕ್ಕಿ ನೋಡಿ ನಾವು ತೃಪ್ತರಾಗಿರುವೆವು. ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳುವ ಬರೆಹಗಳಿಗೂ ಅದು ಸಲ್ಲತಕ್ಕುದೇ. ಕವಿಯ ಉಪಮೆ ತಪ್ಪಿದರೆ ರಸಭಂಗವಾದೀತು; ವೈದ್ಯವಿಷಯದ ಉಪಮೆ ತಪ್ಪಿದರೆ ಮನೆಯ ಮಗುವಿಗೆ ಬೇಡದ ಔಷಧ ಬಿದ್ದೀತು.

ಆಂಟಿಬಯೋಟಿಕ್ ಎಂದು ಮನೆಮನೆಗೂ ಪರಿಚಿತವಾದ, ಕನ್ನಡದಲ್ಲಿ ಪ್ರತಿಜೀವಕವೆನಿಸಿದ ಔಷಧಗಳನ್ನು ಕುರಿತು ಬರೆಯುವವರಿಗೆ 'ರಾಮಬಾಣ'ವೆಂಬ ಮಾತು ಬಲು ಪ್ರಿಯ. ಇದಕ್ಕೆ ಕಾರಣವಿಲ್ಲದಿಲ್ಲ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆ ಸ್ಥಾಪಿತವಾದ ಕಾಲದಲ್ಲಿ ವಿಶ್ರಾಂತಿ, ಶುದ್ಧವಾಯು, ಪುಷ್ಟಿಕರವಾದ ಆಹಾರ, ಇವೇ ವೈದ್ಯರ ಮುಖ್ಯ ಸಾಧನಗಳಾಗಿದ್ದುವು. ೧೯೪೩ರಲ್ಲಿ ಸ್ಟ್ರೆಪ್ಟೋಮೈಸಿನ್ ದೊರೆತ ಮೇಲೆ ಆ ರೋಗದ ಕಥೆಯೇ ಬೇರೆಯಾಯಿತು. ಅಂತಹ ಔಷಧವನ್ನು ಕೃತಜ್ಞರಾದ ಜನರು ರಾಮಬಾಣವೆಂದರೆ ಆಕ್ಷೇಪಿಸುವವರಾರು?

ಆದರೆ ಜನರ ಕೃತಜ್ಞತೆ ಬೇರೆ, ಲೇಖಕನ ವಿವರಣೆ ಬೇರೆ. ಜರ್ಮನಿಯ ಪೌಲ್ ಎರ್ಲಿಖ್ ಎಂಬ ವಿದ್ವಾಂಸನೂ ಹಿಂದೆ 'ಮಾಯಾಗುಂಡು' ಎಂಬ ರೂಪಕವನ್ನು ಬಳಸಿದ್ದನು. ರೋಗಾಣುವನ್ನು ತಾಕಿ ರೋಗಿಯನ್ನು ತಾಕದಿರುವ ವಿವೇಕವೇ ಅವನ ಗುಂಡಿನ ವಿಶೇಷ. ನಮ್ಮ ರಾಮಬಾಣದಲ್ಲಾದರೋ ಅಮೋಘತೆಯೊಂದೇ ಉಳಿದು ವಿವೇಕವು ಮರೆಯಾಗಿದೆ. ಬ್ಯಾಕ್ಟೀರಿಯವನ್ನು ತಡೆದ ವಸ್ತು ನಮ್ಮ ಜೀವಕೋಶವನ್ನೇಕೆ ಬಿಟ್ಟಿತು? ವಾಚಕನು ಕೇಳಬೇಕಾದ ಈ ಪ್ರಶ್ನೆಗೆ ಬಾಣದ ಉಪಮೆಯಲ್ಲಿ ಉತ್ತರವಿಲ್ಲ.

ಉತ್ತರವಿರುವುದು ಮಗ್ಗದಲ್ಲಿ. ರೇಷ್ಮೆಯ ನೇಯಿಗೆಗೆ ಹೆಸರಾದ ಕೊಳ್ಳೇಗಾಲದ ವಾಚಕರಿಗೆ ಹಾಸುಹೊಕ್ಕುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಕ್ಟೀರಿಯದ ಸುತ್ತಲೂ ಒಂದು ಗೋಡೆಯುಂಟು. ಅದು ನೆಯ್ದ ಬಲೆಯಂತಹುದು. ಸಕ್ಕರೆಯ ಜಾತಿಯ ಅಣುಗಳ ನೀಳವಾದ ಸರಗಳು ಅದರ ಹಾಸು; ಅಮೈನೋ ಆಮ್ಲಗಳ ಕಿರುಸರಗಳು ಅಡ್ಡಡ್ಡಲಾಗಿ ಅವನ್ನು ಬಿಗಿಯುವ ಹೊಕ್ಕು. ಈ ಬಿಗಿತವನ್ನು ಮಾಡುವ ನೇಕಾರನೇ ಒಂದು ಕಿಣ್ವ. ೧೯೨೮ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ನು ಆ ಕಿರುಸರದ ತುದಿಯನ್ನು ಹೋಲುವುದೆಂದು ೧೯೬೫ರಲ್ಲಿ ಟಿಪ್ಪರ್ ಮತ್ತು ಸ್ಟ್ರೋಮಿಂಜರ್ ಎಂಬವರು ತೋರಿಸಿಕೊಟ್ಟರು. ನೇಕಾರನು ಎಳೆಯೆಂದು ಭ್ರಮಿಸಿ ಹಿಡಿಯುವನು. ಅದು ಕೈಗೆ ಅಂಟಿ ಬಿಡದು. ಬೆಳೆಯುತ್ತಿರುವ ಬ್ಯಾಕ್ಟೀರಿಯವು ಹಳೆಯ ಗೋಡೆಯನ್ನು ಅಲ್ಲಲ್ಲಿ ಬಿಚ್ಚುತ್ತಲೇ ಇರುವುದು. ಹೊಸ ನೇಯಿಗೆ ಸಾಗದು. ಒಳಗಿನ ಒತ್ತಡಕ್ಕೆ ಒಡಲು ಬಿರಿಯುವುದು. ನಮ್ಮ ಜೀವಕೋಶಗಳಿಗೆ ಇಂತಹ ಗೋಡೆಯೇ ಇಲ್ಲ. ಮಗ್ಗವೇ ಇಲ್ಲದ ಮನೆಯಲ್ಲಿ ನೇಕಾರನ ಕೈಯನ್ನು ಸೆರೆಹಿಡಿಯುವ ಬಗೆಯೆಂತು?

ಎಲ್ಲ ಪ್ರತಿಜೀವಕಗಳ ಕಥೆಯೂ ಇದೇ ಅಲ್ಲ. ಪ್ರೋಟೀನನ್ನು ಕಟ್ಟುವ ರೈಬೋಸೋಮೆಂಬ ಕಾರ್ಯಾಗಾರವು ಅವಕ್ಕೂ ಉಂಟು, ನಮಗೂ ಉಂಟು. ಕಟ್ಟಡದ ರೀತಿ ಮಾತ್ರ ಬೇರೆ. ಟೆಟ್ರಾಸೈಕ್ಲಿನ್ ಈ ಭೇದವನ್ನು ಹಿಡಿದು ಬ್ಯಾಕ್ಟೀರಿಯದ ಕೆಲಸವನ್ನು ನಿಲ್ಲಿಸುವುದು. ಅದು ಬಹುಮಟ್ಟಿಗೆ ಕೊಲ್ಲುವುದೂ ಇಲ್ಲ, ಬೆಳೆವಣಿಗೆಯನ್ನು ತಡೆಯುವುದಷ್ಟೆ. ಮಿಕ್ಕ ಕೆಲಸ ನಮ್ಮ ಶರೀರದ ರಕ್ಷಣಾಶಕ್ತಿಯದು. ಬಾಣದ ರೂಪಕವು ಈ ಸಹಕಾರವನ್ನು ಹೇಳಲಾರದು.

ಮಗ್ಗದ ಉಪಮೆಯೂ ನಿರ್ದುಷ್ಟವೆಂದು ನಾವು ವಾದಿಸುವುದಿಲ್ಲ. ಭೇದವು ಅಪೂರ್ಣವಾದೆಡೆ ಹಾನಿಯೂ ಸಂಭವಿಸುವುದು: ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯಗಳಲ್ಲಿರುವ ರೈಬೋಸೋಮುಗಳು ಬ್ಯಾಕ್ಟೀರಿಯದವುಗಳನ್ನು ಹೋಲುವುವು, ಸ್ಟ್ರೆಪ್ಟೋಮೈಸಿನ್ ಕೆಲವರ ಶ್ರವಣಶಕ್ತಿಯನ್ನು ಕೆಡಿಸುವುದು. ಪೆನಿಸಿಲಿನ್ ಕೂಡ ಒಗ್ಗದವರಿಗೆ ಅಪಾಯಕರ. ಮೇಲಾಗಿ ಇವು ಮನುಷ್ಯನನ್ನೂ ಬ್ಯಾಕ್ಟೀರಿಯವನ್ನೂ ಬೇರೆಯಾಗಿ ಕಾಣಬಲ್ಲುವೇ ಹೊರತು, ಬ್ಯಾಕ್ಟೀರಿಯಗಳಲ್ಲಿ ಶಿಷ್ಟರಾರು, ದುಷ್ಟರಾರು ಎಂದರಿಯವು. ಕರುಳಿನಲ್ಲಿ ನೆಲಸಿ ನಮಗೆ ನೆರವಾಗುವ ಬಳಗವೂ ನೋಯುವುದು.

ಈಗ ಫಲವನ್ನು ನೋಡೋಣ. ಬಾಣವನ್ನು ನಂಬಿದವನು ನೆಗಡಿಗೂ 'ಜೋರಾದ' ಮಾತ್ರೆಯನ್ನು ಬೇಡುವನು. ಮಗ್ಗವನ್ನು ತಿಳಿದವನು, ನೆಗಡಿಯನ್ನು ತರುವ ವೈರಸ್ಸಿಗೆ ಆ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲವೆಂದು ಕೇಳಿದೊಡನೆಯೇ ಸುಮ್ಮನಾಗುವನು. 'ಔಷಧವು ಮೈಗೆ ರೂಢಿಯಾಯಿತು' ಎಂಬ ಮಾತೂ ಹೀಗೆಯೇ ಬಿದ್ದುಹೋಗುವುದು. ಬದಲಾಗುವುದು ನಮ್ಮ ಮೈಯಲ್ಲ, ಬ್ಯಾಕ್ಟೀರಿಯ. ಪೆನಿಸಿಲಿನ್ನನ್ನು ಕತ್ತರಿಸಬಲ್ಲ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿರುವುದನ್ನು ಅಬ್ರಹಾಂ ಮತ್ತು ಚೈನ್ ಎಂಬವರು ೧೯೪೦ರಲ್ಲಿಯೇ, ಆ ಔಷಧವು ಲೋಕದಲ್ಲಿ ಹರಡುವ ಮೊದಲೇ, ಪ್ರಕಟಿಸಿದ್ದರು. ಬೇಡದ ಕಡೆ ಮಾತ್ರೆ ನುಂಗಿದಷ್ಟೂ ಅಂತಹ ಕಿಣ್ವವುಳ್ಳವು ಬದುಕಿ ಬೆಳೆಯುವುವು, ಇಲ್ಲದವು ಅಳಿಯುವುವು. ಕಡೆಗೆ ನಿಜವಾಗಿ ಔಷಧ ಬೇಕಾದವನ ಪಾಲಿಗೆ ಅದು ಇಲ್ಲದಂತಾಗುವುದು.

'ಪ್ರತಿಜೀವಕ'ವೆಂಬ ಪದವನ್ನು ಕೇಳಿದರೆ ಜೀವಕ್ಕೇ ವಿರೋಧಿಯೆಂಬ ಭಾವ ಬರುವುದು. ಪದವು ರೂಢಿಗೆ ಬಂದಿದೆ. ಅದನ್ನು ಬದಲಿಸುವ ಹಟ ನಮಗಿಲ್ಲ. ಆದರೆ ಅದನ್ನು ಬಳಸುವ ಲೇಖಕರು ಔಷಧದ ಬಲವನ್ನು ಹೊಗಳುವುದಕ್ಕೆ ಮೊದಲು ಅದು ಹಿಡಿಯುವ ಎಳೆ ಯಾವುದೆಂದು ಒಂದು ಮಾತಿನಲ್ಲಾದರೂ ಹೇಳಲಿ. ಅಷ್ಟಾದರೆ ಅವರ ಬರೆಹದಲ್ಲಿ ಔಚಿತ್ಯವೂ ನೆಲಸುವುದು, ಓದಿದ ಮನೆಗೆ ಹಿತವೂ ಆಗುವುದು.