ಫ್ಯಾನ್ ‘ಡೈರೆಕ್ಟ್’ ಮಾಡಿಸುವ ಮುನ್ನ

ಶಿವಮೊಗ್ಗದ ಗೋಪಿ ವೃತ್ತದಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಊರು ದಾಟಿ ಮಾಚೇನಹಳ್ಳಿ ಕಡೆ ಗಾಡಿ ಓಡತೊಡಗಿದರೆ ತಾನಾಗಿಯೇ ಇಳಿಯುತ್ತದೆ. ಭದ್ರಾವತಿಯ ರಂಗಪ್ಪ ವೃತ್ತದ ಸಂದಣಿಯಲ್ಲಿ ಮತ್ತೆ ಏರುತ್ತದೆ. ಹಳೆಯ ಕಾರು ಹೀಗೆ ಆಡತೊಡಗಿದರೆ ಮೊದಲ ಅನುಮಾನ ಫ್ಯಾನಿನ ಮೇಲೆಯೇ ಬರಬೇಕು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಬದಲಿಗೆ ತೆರೆದ ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೇ ಮುಳ್ಳು ಏರಿದರೆ ಫ್ಯಾನನ್ನು ದೂರಬೇಡಿ. ರೇಡಿಯೇಟರ್ ಕಟ್ಟಿಕೊಂಡಿದೆಯೇ, ನೀರು ಕಡಿಮೆಯಾಗಿದೆಯೇ, ಥರ್ಮೋಸ್ಟ್ಯಾಟ್ ತೆರೆಯುತ್ತಿದೆಯೇ ನೋಡಿ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಎಂಜಿನ್ ಉದ್ದಕ್ಕೆ ಕೂರುತ್ತಿತ್ತು, ಫ್ಯಾನ್ ಬೆಲ್ಟಿನಿಂದ ತಿರುಗುತ್ತಿತ್ತು. ಬೆಲ್ಟ್ ಇರುವವರೆಗೆ ಗಾಳಿ ಖಚಿತ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಕ್ಕೆ ಕುಳಿತಿತು. ಬೆಲ್ಟಿನ ಫ್ಯಾನ್ ರೇಡಿಯೇಟರಿಗೆ ಎದುರಾಗುವ ಹಾಗಿರಲಿಲ್ಲ. ಹಾಗಾಗಿ ರೇಡಿಯೇಟರಿಗೇ ಒಂದು ವಿದ್ಯುತ್ ಮೋಟರ್ ಕಟ್ಟಿದರು. ನೀರು 90 ಡಿಗ್ರಿಯ ಆಸುಪಾಸು ಕಾದರೆ ಥರ್ಮೋ ಸ್ವಿಚ್ ಕೂಡುತ್ತದೆ, ಫ್ಯಾನ್ ತಿರುಗುತ್ತದೆ, ತಣಿದರೆ ನಿಲ್ಲುತ್ತದೆ. ಬೇಕಾದಾಗ ಮಾತ್ರ ಓಡುವ ಈ ಜಾಣತನಕ್ಕೆ ತೆತ್ತ ಬೆಲೆಯೆಂದರೆ ಸ್ವಿಚ್, ರಿಲೇ, ಫ್ಯೂಸ್, ಕಪ್ಲರ್, ಅರ್ಥ್ ವೈರ್ ಎಂಬ ಉದ್ದದ ಸರಪಳಿ. ಒಂದು ಕೊಂಡಿ ಕಳಚಿದರೂ ಫ್ಯಾನ್ ಮೌನ.

ಈ ಸರಪಳಿಗೆ ನಮ್ಮ ಜಿಲ್ಲೆಯ ಹವೆ ಒಳ್ಳೆಯದಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆ ಓಡಾಡಿದ ಗಾಡಿಯ ಕಪ್ಲರುಗಳಲ್ಲಿ ಹಸಿರು ಕಿಲುಬು, ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಸಾಮಾನ್ಯ. ಮಳೆಗಾಲದಲ್ಲಿ ಹೊರಗಿನ ತಂಪು ಅದನ್ನು ಮುಚ್ಚಿಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಿ.ಎಚ್. ರಸ್ತೆಯ ಸಂದಣಿಗೆ ಸಿಕ್ಕಾಗ ಬಣ್ಣ ಬಯಲಾಗುತ್ತದೆ. ಕಾಯಿಲೆ ಮಳೆಗಾಲದ್ದು, ನರಳಾಟ ಬೇಸಿಗೆಯದು.

ಪರೀಕ್ಷೆಯನ್ನು ಫ್ಯಾನಿನಿಂದಲೇ ಶುರು ಮಾಡಿ ಹಿಂದಕ್ಕೆ ಬರಬೇಕು. ಎಂಜಿನ್ ತಣ್ಣಗಿರಲಿ. ಮೋಟರಿನ ಕಪ್ಲರ್ ಬಿಡಿಸಿ, ಫ್ಯೂಸ್ ಇರುವ ಎರಡು ವೈರಿನಿಂದ ಬ್ಯಾಟರಿಯ ಕರೆಂಟ್ ನೇರ ಕೊಡಿ. ಫ್ಯಾನ್ ರಭಸದಿಂದ ತಿರುಗಿದರೆ ಮೋಟರ್ ಸರಿಯಿದೆ. ಕೈಯಿಂದ ತಿರುವಿದ ಮೇಲೆ ಮಾತ್ರ ಓಡಿದರೆ ಕಾರ್ಬನ್ ಬ್ರಷ್ ಸವೆದಿರಬೇಕು, ಇಲ್ಲವೇ ಬುಷ್ ಬಿಗಿದಿರಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗಳಿಗೆ ಈ ರೋಗ ಹೆಚ್ಚು.

ಮೋಟರ್ ಸರಿಯಿದ್ದರೆ ಮುಂದಿನ ಮನೆ ಥರ್ಮೋ ಸ್ವಿಚ್. ಕಾರ್ಬ್ಯುರೇಟರ್ ಗಾಡಿಯಲ್ಲಿ ಕೀ ಆನ್ ಮಾಡಿ, ಸ್ವಿಚ್ಚಿನ ಎರಡು ವೈರುಗಳನ್ನು ಒಂದಕ್ಕೊಂದು ಕೂಡಿಸಿ. ಒಂದೇ ವೈರ್ ಇದ್ದರೆ ಬಾಡಿಗೆ ಮುಟ್ಟಿಸಿ. ಫ್ಯಾನ್ ತಿರುಗಿದರೆ ತಪ್ಪು ಸ್ವಿಚ್ಚಿನದು. ತಿರುಗದಿದ್ದರೆ ಫ್ಯೂಸ್ ನೋಡಿ, ರಿಲೇ ಟಿಕ್ ಎನ್ನುತ್ತದೆಯೇ ಕೇಳಿ. ಅದೇ ನಮೂನೆಯ ಇನ್ನೊಂದು ರಿಲೇ ಹಾಕಿ ನೋಡಿ. ಎಂಪಿಎಫ್‌ಐ ಗಾಡಿಯಲ್ಲಿ ಮಾತ್ರ ಈ ವೈರ್ ಕೂಡಿಸುವ ಆಟ ಬೇಡ, ಅಲ್ಲಿ ಫ್ಯಾನಿಗೆ ಅಪ್ಪಣೆ ಕೊಡುವುದು ಕಂಪ್ಯೂಟರ್. ಕೂಲಂಟ್ ಸೆನ್ಸರಿನ ಕಪ್ಲರ್ ಬಿಡಿಸಿದರೆ ಅನೇಕ ಗಾಡಿಗಳಲ್ಲಿ ಕಂಪ್ಯೂಟರ್ ಎಚ್ಚೆತ್ತು ಫ್ಯಾನನ್ನು ತಾನೇ ಓಡಿಸುತ್ತದೆ. ಅಷ್ಟಾದರೆ ರಿಲೇಯಿಂದ ಮುಂದಿನದೆಲ್ಲ ಸರಿಯಿದೆ ಎಂದರ್ಥ.

ಇಲ್ಲಿ ಟೆಸ್ಟ್ ಲ್ಯಾಂಪಿನ ಮೋಸವೊಂದಿದೆ. ಕಪ್ಲರಿಗೆ ಬಲ್ಬ್ ಹಿಡಿದು, ಅದು ಉರಿದೊಡನೆ ‘ಕರೆಂಟ್ ಬರ್ತಿದೆ ಸಾರ್, ಮೋಟರ್ ಹೋಗಿದೆ’ ಎಂದು ತೀರ್ಪು ಕೊಡುವುದುಂಟು. 5 ವ್ಯಾಟಿನ ಬಲ್ಬ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಕಿಲುಬು ಹಿಡಿದ ವೈರ್ ಅಷ್ಟನ್ನು ಸಲೀಸಾಗಿ ಕೊಡುತ್ತದೆ. ಫ್ಯಾನ್ 8 ಆಂಪಿಯರ್ ಕೇಳುತ್ತದೆ ಎನ್ನೋಣ. ದಾರಿಯಲ್ಲಿ ಅರ್ಧ ಓಮ್ ತಡೆಯಿದ್ದರೂ ಅಷ್ಟು ಕರೆಂಟಿಗೆ 4 ವೋಲ್ಟ್ ಅಲ್ಲೇ ಕರಗುತ್ತದೆ, ಫ್ಯಾನ್ ಸೋಮಾರಿಯಾಗುತ್ತದೆ. ಆದ್ದರಿಂದ ಫ್ಯಾನ್ ಜೋಡಿಸಿ ಓಡುತ್ತಿರುವಾಗಲೇ ಮಲ್ಟಿಮೀಟರಿನಿಂದ ಮೋಟರಿನ ತುದಿಯಲ್ಲಿ ವೋಲ್ಟೇಜ್ ಅಳೆಯಬೇಕು. ಬ್ಯಾಟರಿಗಿಂತ ಒಂದು ವೋಲ್ಟಿಗೂ ಹೆಚ್ಚು ಕಡಿಮೆ ಕಂಡರೆ ಮೋಟರ್ ಕೊಳ್ಳುವ ಮೊದಲು ಅರ್ಥ್ ಬೋಲ್ಟ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ. ಈ ರಿಪೇರಿಯ ಖರ್ಚು ಒಂದು ಚಹಾದಷ್ಟೂ ಆಗದು.

ಫ್ಯಾನ್ ತಿರುಗುತ್ತಿದ್ದೂ ಗಾಡಿ ಕಾಯುತ್ತಿದ್ದರೆ ಈ ಪತ್ರಿಕೆಯ ಒಂದು ಹಾಳೆ ಸಾಕು. ಫ್ಯಾನ್ ರೇಡಿಯೇಟರಿನ ಹಿಂದಿದ್ದರೆ, ಮುಂದಿನ ಗ್ರಿಲ್ಲಿಗೆ ಹಿಡಿದ ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಮೋಟರಿನ ಎರಡು ವೈರುಗಳನ್ನು ಯಾರೋ ಅದಲುಬದಲು ಮಾಡಿದ್ದಾರೆ, ಫ್ಯಾನ್ ಎದುರುಗಾಳಿಯೊಂದಿಗೆ ಜಗಳವಾಡುತ್ತಿದೆ.

ಇಷ್ಟೆಲ್ಲ ಬೇಸರವಾಗಿ ಜನ ಹಿಡಿಯುವ ದಾರಿ ‘ಡೈರೆಕ್ಟ್’. ಕೀ ತಿರುವಿದ ಕೂಡಲೇ ಫ್ಯಾನ್ ಓಡುವಂತೆ ವೈರ್ ಎಳೆದುಬಿಡುವುದು. ರಾತ್ರಿ ಘಾಟಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಸೇರಲು ಅದು ಬೇಕು, ಒಪ್ಪುತ್ತೇನೆ. ಆದರೆ ಅದನ್ನೇ ಕಾಯಂ ಮಾಡಿದರೆ ರಿಲೇ ಹೊರಬೇಕಾದ ಕರೆಂಟನ್ನು ಕೀ ಸ್ವಿಚ್ ಹೊತ್ತು ಸುಡುತ್ತದೆ, ಬ್ರಷ್ ಬೇಗ ಸವೆಯುತ್ತದೆ. ನಡುವೆ ಫ್ಯೂಸ್ ಇಲ್ಲದಿದ್ದರೆ ವೈರಿಗೇ ಬೆಂಕಿ. ಜೊತೆಗೆ ಥರ್ಮೋಸ್ಟ್ಯಾಟನ್ನೂ ಕಿತ್ತೆಸೆಯುವ ರೂಢಿಯಿದೆ. ಆಗ ಮಲೆನಾಡಿನ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೆಡುತ್ತದೆ.

1923ರಿಂದ ಕಬ್ಬಿಣ ಕರಗಿಸುವುದನ್ನು ಕಂಡ ಊರು ಭದ್ರಾವತಿ. ಕುಲುಮೆಯ ಗೋಡೆಗೆ ತಣ್ಣೀರು ನಿಂತರೆ ಏನಾಗುತ್ತದೆಂದು ಅಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಕಾರಿನ ಎಂಜಿನ್ ಅದರ ಚಿಕ್ಕ ತಮ್ಮ: ಮುಳ್ಳು ಕೆಂಪು ಮುಟ್ಟಿದ ಮೇಲೂ ಓಡಿಸಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ.

ಎರಡು ಎಚ್ಚರಿಕೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೀ ತೆಗೆದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುತ್ತದೆ. ಅದರ ಹತ್ತಿರ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಡಿಸಿ. ಉಳಿದಂತೆ ನನ್ನ ಕೋರಿಕೆ ಒಂದೇ: ಪ್ರತಿ ವರ್ಷ ಮಳೆ ನಿಂತ ಮೇಲೆ ಫ್ಯಾನಿನ ಕಪ್ಲರನ್ನೂ ಅರ್ಥ್ ಬೋಲ್ಟನ್ನೂ ಒಮ್ಮೆ ಬಿಚ್ಚಿ ಉಜ್ಜಿಸಿ. ಮೆಕ್ಯಾನಿಕ್ ‘ಡೈರೆಕ್ಟ್ ಮಾಡ್ಲಾ ಸಾರ್?’ ಎಂದು ಕೇಳಿದರೆ, ಮೊದಲು ಮೀಟರ್ ಹಿಡಿಯಪ್ಪ ಎನ್ನಿ.