‘ದಿ ಹೈಸ್ಟ್’: ಉಪದೇಶವೋ, ಪ್ರತಿಕ್ರಮಣವೋ?

ಅಮೆರಿಕದ ಸಿಯಾಟಲ್ ನಗರದ ರ್‍ಯಾಪ್ ಗಾಯಕ ಮ್ಯಾಕ್ಲ್‌ಮೋರ್, ಸಂಗೀತ ಸಂಯೋಜಕ ರಯಾನ್ ಲೂಯಿಸ್‌ನೊಡನೆ 2012ರ ಅಕ್ಟೋಬರಿನಲ್ಲಿ ‘ದಿ ಹೈಸ್ಟ್’ ಎಂಬ ಹಿಪ್-ಹಾಪ್ ಆಲ್ಬಂ ಹೊರತಂದನು. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಒಪ್ಪಂದಕ್ಕೆ ಒಳಪಡದೆ ಸ್ವಂತ ಹೆಸರಿನಲ್ಲೇ ಪ್ರಕಟಿಸಿದ ಕೃತಿಯಿದು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 2ನೆಯ ಸ್ಥಾನಕ್ಕೇರಿತು. ಆದರೂ ವಿಮರ್ಶಕರ ಒಂದು ವರ್ಗ ಅದನ್ನು ಹಗುರವಾಗಿ ತಳ್ಳಿಹಾಕಿತು. ಅವರ ಆಕ್ಷೇಪದ ತಿರುಳು ಇಷ್ಟೆ: ಗಾಯಕ ಹಾಡುತ್ತಿಲ್ಲ, ಬೋಧಿಸುತ್ತಿದ್ದಾನೆ.

ಈ ತೀರ್ಪು ಒಪ್ಪತಕ್ಕದ್ದಲ್ಲ. ಬೋಧಿಸುವವನು ತಾನು ದೋಷದ ಹೊರಗೆ ನಿಂತಿರುತ್ತಾನೆ. ಈ ಆಲ್ಬಮ್ಮಿನ ಮುಖ್ಯ ಗೀತೆಗಳಲ್ಲಿ ಗಾಯಕ ನಿಂತಿರುವುದು ದೋಷದ ಒಳಗೆ. ‘ವಿಂಗ್ಸ್’ ಗೀತೆಯನ್ನೇ ನೋಡಬಹುದು. ಏಳು ವರ್ಷದ ಬಾಲಕನೊಬ್ಬನಿಗೆ ಹೆಸರಾಂತ ಕಂಪೆನಿಯ ಕ್ರೀಡಾ ಪಾದರಕ್ಷೆ ದೊರೆಯುತ್ತದೆ. ಅದನ್ನು ತೊಟ್ಟು ನೆಗೆದಾಗ ಆಕಾಶವೇ ಕೈಗೆ ಸಿಕ್ಕಂತಾಗುತ್ತದೆ. ಅಂಥದೇ ಪಾದರಕ್ಷೆಗಾಗಿ ಒಬ್ಬನ ಕೊಲೆಯೂ ಆಗುತ್ತದೆ. ಬೆಳೆದ ಮೇಲೆ, ಆ ಕನಸನ್ನು ಹಣ ಕೊಟ್ಟು ಕೊಂಡವನು ತಾನೇ ಎಂದು ಆತ ಒಪ್ಪಿಕೊಳ್ಳುತ್ತಾನೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದಲ್ಲ, ಮೂರ್ಛೆಯಿಂದ, ಎಂದರೆ ಮಮತ್ವದಿಂದ ಗುರುತಿಸಿದ್ದಾರೆ. ಜೈನ ಶಾಸ್ತ್ರದ ಗಂಧವಿಲ್ಲದ ಈ ಗಾಯಕ ಚಿತ್ರಿಸಿರುವುದೂ ಆ ಮೂರ್ಛೆಯನ್ನೇ. ಬಾಲಕನ ಸಂತೋಷವನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದ್ದರಿಂದಲೇ ಅದರ ಬಂಧನ ಕೇಳುಗನಿಗೆ ತಟ್ಟುತ್ತದೆ.

‘ಸ್ಟಾರ್ಟಿಂಗ್ ಓವರ್’ ಇನ್ನೂ ಕಠಿಣವಾದ ಗೀತೆ. ಮೂರು ವರ್ಷ ಮಾದಕ ವಸ್ತುಗಳಿಂದ ದೂರವಿದ್ದವನು ಮತ್ತೆ ಜಾರುತ್ತಾನೆ. ವ್ಯಸನಮುಕ್ತರ ಸಭೆಯಲ್ಲಿ ತರುಣಿಯೊಬ್ಬಳು, ಅವನ ಹಿಂದಿನ ಹಾಡೇ ತನ್ನನ್ನು ಉಳಿಸಿತೆಂದು ಹೇಳುತ್ತಾಳೆ. ಆ ಪ್ರಶಂಸೆಯ ಮುಂದೆ ಅವನ ನಾಚಿಕೆ ಇಮ್ಮಡಿಯಾಗುತ್ತದೆ. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ದೋಷವನ್ನು ಮುಚ್ಚಿಡದೆ ನಿವೇದಿಸುವುದು, ಎರಡನೆಯದು ಪ್ರತಿಕ್ರಮಣ. ವ್ರತಭಂಗದ ಈ ನಿವೇದನೆಯನ್ನು ‘ಉಪದೇಶ’ವೆಂದು ಕರೆದವರು ಹಾಡನ್ನು ಕೊನೆಯವರೆಗೆ ಕೇಳಿದರೇ ಎಂಬ ಸಂಶಯ ಸಹಜ.

ನೀತಿ ಬಂದೊಡನೆ ಕಲೆ ಹೊರಟುಹೋಗುತ್ತದೆ ಎಂಬ ನಂಬಿಕೆ ಈ ಆಕ್ಷೇಪದ ಬುಡದಲ್ಲಿದೆ. ಆದಿಪುರಾಣದಲ್ಲಿ ಧರ್ಮವನ್ನೂ ಕಾವ್ಯಧರ್ಮವನ್ನೂ ಒಟ್ಟಿಗೆ ಅರಿಯಬಹುದೆಂದ ಪಂಪನನ್ನು ಓದಿದವರಿಗೆ ಈ ನಂಬಿಕೆ ವಿಚಿತ್ರವಾಗಿಯೇ ತೋರುತ್ತದೆ.

ವಿಮರ್ಶಕರ ಇನ್ನೊಂದು ಮಾತು ಮಾತ್ರ ತೂಕದ್ದು. ಹಿಪ್-ಹಾಪ್ ಕಪ್ಪು ಜನರ ಬದುಕಿನಿಂದ ಹುಟ್ಟಿದ ಕಲೆ; ಬಿಳಿಯ ಗಾಯಕನಿಗೆ ಅದರ ಫಲ ಸುಲಭವಾಗಿ ದಕ್ಕುತ್ತದೆ. 2014ರ ಜನವರಿಯಲ್ಲಿ ಶ್ರೇಷ್ಠ ರ್‍ಯಾಪ್ ಆಲ್ಬಂ ಗ್ರ್ಯಾಮಿ ಪ್ರಶಸ್ತಿ ಕೆಂಡ್ರಿಕ್ ಲಮಾರ್‌ಗೆ ಸಲ್ಲದೆ ಈ ಜೋಡಿಗೆ ಬಂದಾಗ, ಅದು ಲಮಾರ್‌ಗೆ ಸಲ್ಲಬೇಕಿತ್ತೆಂದು ಮ್ಯಾಕ್ಲ್‌ಮೋರ್‌ನೇ ಬಹಿರಂಗವಾಗಿ ಹೇಳಿದನು. ಇದು ಅನ್ಯಾಯದ ಪ್ರಶ್ನೆ, ಎತ್ತಲೇಬೇಕಾದದ್ದು. ಆದರೆ ಪ್ರಶಸ್ತಿ ಕೊಟ್ಟವರ ತಪ್ಪಿನಿಂದ ಹಾಡಿನ ಬೆಲೆ ಕಟ್ಟಲಾಗದು.

ದೋಷಗಳನ್ನು ಹುಡುಕುವವರಿಗೆ ಅವು ಬೇರೆಡೆ ಸಿಗುತ್ತವೆ. ‘ಥ್ರಿಫ್ಟ್ ಶಾಪ್’ ಹಳೆಯ ಬಟ್ಟೆಗಳನ್ನು ಕೊಂಡು ತೊಡುವುದನ್ನು ವಿನೋದದಿಂದ ಕೊಂಡಾಡುತ್ತದೆ; ಅಲ್ಲಿ ಮೆರೆಯುವುದು ಪ್ರಾಣಿಯ ತುಪ್ಪಳದ ಕೋಟು. ಇನ್ನೊಬ್ಬರು ತೊಟ್ಟು ಬಿಟ್ಟದ್ದೆಂದ ಮಾತ್ರಕ್ಕೆ ಅದರ ಹಿಂಸೆ ಕಳೆಯುವುದಿಲ್ಲ. ‘ವೈಟ್ ವಾಲ್ಸ್’ ದುಬಾರಿ ಕಾರಿನ ಮೋಹವನ್ನು ಯಾವ ಸಂಕೋಚವೂ ಇಲ್ಲದೆ ಹಾಡುತ್ತದೆ.

ಅತ್ಯಂತ ಇಕ್ಕಟ್ಟಿನ ಪ್ರಸಂಗ 2013ರ ಫೆಬ್ರವರಿಯದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಲ್-ಸ್ಟಾರ್ ಪಂದ್ಯದ ಪ್ರಚಾರಕ್ಕೆ ‘ವಿಂಗ್ಸ್’ ಬಳಕೆಯಾಯಿತು. ಕೊಳ್ಳುಬಾಕತನವನ್ನು ಪ್ರಶ್ನಿಸುವ ಸಾಲುಗಳನ್ನು ಕತ್ತರಿಸಿಹಾಕಿ, ನೆಗೆತದ ಉಲ್ಲಾಸವನ್ನಷ್ಟೇ ಉಳಿಸಿಕೊಳ್ಳಲಾಯಿತು. ಹೆಚ್ಚು ಜನರನ್ನು ತಲುಪುವ ಆಸೆಯಿಂದ ಗಾಯಕ ಇದಕ್ಕೆ ಸಮ್ಮತಿಸಿದನು. ಬರಿಯ ಉಪದೇಶವಾಗಿದ್ದರೆ ಆ ಹಾಡಿನಲ್ಲಿ ಪ್ರಚಾರಕ್ಕೆ ಒದಗುವಂಥದೇನೂ ಇರುತ್ತಿರಲಿಲ್ಲ. ಮೋಹವನ್ನು ಅಷ್ಟು ನಿಜವಾಗಿ ಹಾಡಿದವನು, ಅದರ ವಿಮರ್ಶೆಯನ್ನು ಕತ್ತರಿಸಲು ತಾನೇ ಅನುಮತಿ ಕೊಟ್ಟನಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.