ತಾಜ್ ಹೋಟೆಲಿನ ದೆವ್ವಕ್ಕೆ ಹೆಸರು ತಪ್ಪಿದೆ

ಊರಿಂದ ಯಾರೇ ಬಂದರೂ ನಾವು ಮುಂಬೈಯವರು ಮೊದಲು ಕರೆದುಕೊಂಡು ಹೋಗುವುದು ಗೇಟ್‌ವೇಗೆ. ಹಾಗೆ ಒಮ್ಮೆ ಬೇಲೂರು ಕಡೆಯ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಫೋಟೋ ತೆಗೆದುಕೊಡುವ ಹುಡುಗನೊಬ್ಬ ಎದುರಿನ ತಾಜ್ ಮಹಲ್ ಹೋಟೆಲನ್ನು ತೋರಿಸಿ ಆ ಹಳೆಯ ಕಥೆ ಹೇಳಿದ. ಇಂಗ್ಲಿಷ್ ಇಂಜಿನಿಯರೊಬ್ಬ ನಕ್ಷೆ ಕೊಟ್ಟು ವಿಲಾಯತಿಗೆ ಹೋಗಿದ್ದನಂತೆ. ತಿರುಗಿ ಬಂದು ನೋಡಿದರೆ ಕಟ್ಟಡ ಹಿಂದುಮುಂದಾಗಿ ನಿಂತಿತ್ತಂತೆ. ಅವಮಾನ ತಾಳದೆ ಮೇಲಿನ ಮಹಡಿಯಿಂದ ಹಾರಿ ಸತ್ತನಂತೆ. ಈಗಲೂ ಹಳೆಯ ಕಟ್ಟಡದ ಪಡಸಾಲೆಗಳಲ್ಲಿ ಅವನ ದೆವ್ವ ಓಡಾಡುತ್ತದಂತೆ.

ನಾನು ಹಿಂದಿಯಿಂದ ಕನ್ನಡಕ್ಕೆ ಹೇಳಿ ಮುಗಿಸಿದೆ. ದೊಡ್ಡಪ್ಪ ಕೇಳಿದರು, “ಇದು ನಮ್ಮ ಜಕಣಾಚಾರಿ ಕಥೆ ಅಲ್ವೇನೋ?”

ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ದೆವ್ವ ಇದೆಯೋ ಇಲ್ಲವೋ ಎಂಬ ಜಗಳ ನನಗೆ ಬೇಡ. ಒಂದು ಜನಪದ ಕಥೆಯಾಗಿ ಇದು ಏನು ಮಾಡುತ್ತಿದೆ, ಯಾರನ್ನು ನೆನಪಿಟ್ಟು ಯಾರನ್ನು ಮರೆಸುತ್ತಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಕಥೆಯ ಗಣಿತ ನೋಡೋಣ. ಜಮ್‌ಸೆಟ್‌ಜಿ ಟಾಟಾ ಅವರ ಈ ಹೋಟೆಲಿನ ಕೆಲಸ ಶುರುವಾದದ್ದು 1898ರಲ್ಲಿ, ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಐದು ವರ್ಷ ನಡೆದ ಕೆಲಸದಲ್ಲಿ, ಕಟ್ಟಡದ ದಿಕ್ಕೇ ತಪ್ಪಿದ್ದು ಕೊನೆಯ ದಿನದವರೆಗೆ ಯಾರಿಗೂ ಕಾಣಲಿಲ್ಲವೇ? ಪಾಯ ತೋಡಿದ ದಿನವೇ ಗೊತ್ತಾಗುವ ವಿಷಯವಿದು. ಅಲ್ಲದೆ ದಿಕ್ಕು ತಪ್ಪಿಯೂ ಇರಲಿಲ್ಲ. ಕುದುರೆಗಾಡಿಗಳು ಬರುತ್ತಿದ್ದುದು ಊರಿನ ಕಡೆಯಿಂದ, ಹಾಗಾಗಿ ಹೆಬ್ಬಾಗಿಲು ಆ ಕಡೆಗಿತ್ತು. ಸಮುದ್ರದ ನೋಟ ಕೋಣೆಗಳಿಗೆ ಸಿಕ್ಕಿತು. ಆಗಿನ್ನೂ ಎದುರಿಗೆ ಗೇಟ್‌ವೇ ಇರಲಿಲ್ಲ. ಅದು ಮುಗಿದದ್ದು 1924ರಲ್ಲಿ. ಮುಂದೆ ಹೋಟೆಲಿನ ಬಾಗಿಲು ಸಮುದ್ರದ ಕಡೆಗೆ ಬಂತು, ಹಳೆಯ ಮುಂಬಾಗಿಲಿನ ಜಾಗದಲ್ಲಿ ಈಜುಕೊಳವಾಯಿತು. ಬದಲಾದದ್ದು ಊರು. ಕಥೆ ಆ ಬದಲಾವಣೆಯನ್ನು ಒಬ್ಬ ಮನುಷ್ಯನ ತಪ್ಪೆಂದು ಬರೆದುಕೊಂಡಿತು.

ಕಥೆ ಮುಂಬೈಯ ಸ್ವಂತ ಆಸ್ತಿಯೂ ಅಲ್ಲ. ಗ್ಲಾಸ್ಗೋದಲ್ಲಿ 1901ರಲ್ಲಿ ತೆರೆದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದ ಬಗ್ಗೆಯೂ ಇದೇ ಮಾತಿದೆ: ಹಿಂದುಮುಂದಾಗಿ ಕಟ್ಟಿದರು, ವಾಸ್ತುಶಿಲ್ಪಿ ಗೋಪುರದಿಂದ ಹಾರಿದ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಜಾನ್ ಸಿಂಪ್ಸನ್ ಎರಡು ದಶಕಗಳ ನಂತರ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ವಿನ್ಯಾಸದಲ್ಲೂ ಕೈಯಾಡಿಸಿದರು. ಹಾರಿ ಸತ್ತವರು ಮಾಡುವ ಕೆಲಸವಲ್ಲ ಅದು.

ಇನ್ನು ದೊಡ್ಡಪ್ಪನ ಜಕಣಾಚಾರಿ. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಹುಡುಗನೊಬ್ಬ ಹೇಳುತ್ತಾನೆ. ಕಲ್ಲಿನೊಳಗಿಂದ ಕಪ್ಪೆ ಹೊರಬರುತ್ತದೆ. ಮಾತಿಗೆ ತಪ್ಪದ ಶಿಲ್ಪಿ ತನ್ನ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಆ ಹುಡುಗ ಅವನ ಮಗನೇ, ಡಂಕಣಾಚಾರಿ. ದೊಡ್ಡ ಕಟ್ಟಡ, ಒಂದು ದೋಷ, ತನ್ನನ್ನೇ ಶಿಕ್ಷಿಸಿಕೊಳ್ಳುವ ಕಟ್ಟುಗ: ಎಲುಬು ಒಂದೇ. ಆದರೆ ನಮ್ಮ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಅವನಿಗೆ ಕೈ ಮರಳಿ ಬರುತ್ತದೆ. ತಪ್ಪು ಕಂಡುಹಿಡಿದವನು ಮಗ, ಕ್ಷಮಿಸಿದವನು ದೇವರು. ಕಸುಬಿನವರೇ ತಮ್ಮ ಕಸುಬಿನ ಮೇಲಿನ ಅಭಿಮಾನದಿಂದ ಹೇಳಿಕೊಂಡ ಕಥೆಯ ಧಾಟಿ ಅದು. ತಾಜ್ ಕಥೆಯಲ್ಲಿ ಕ್ಷಮೆಯಿಲ್ಲ, ಬರೀ ದೆವ್ವವಿದೆ. ಅದನ್ನು ಹೇಳುವವನು ಒಳಗೆ ಕಾಲಿಡಲಾಗದೆ ಹೊರಗೆ ನಿಂತವನು. ಇಷ್ಟು ದೊಡ್ಡ ಹೋಟೆಲೂ ತಪ್ಪಿನಿಂದಲೇ ಹುಟ್ಟಿದ್ದು, ಅದೂ ಸಾಹೇಬನ ತಪ್ಪಿನಿಂದ ಎಂದು ಹೇಳುವಾಗ ಅವನಿಗೊಂದು ಸಣ್ಣ ಖುಷಿ ಸಿಗುತ್ತದೆ. ಆ ಖುಷಿಯನ್ನು ನಾನು ಹಂಗಿಸಲಾರೆ. ನಾನೂ ಮೊದಲ ಕೆಲವು ವರ್ಷ ಹೊರಗಿನಿಂದಲೇ ಫೋಟೋ ತೆಗೆಸಿಕೊಂಡವನು.

ನನ್ನ ತಕರಾರು ಬೇರೆ. ಈ ಹೋಟೆಲಿನ ಮೂಲ ವಾಸ್ತುಶಿಲ್ಪಿಗಳು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ವೈದ್ಯರು ಅದಕ್ಕೂ ಮುಂಚೆ ವಿಕ್ಟೋರಿಯಾ ಟರ್ಮಿನಸ್ ಕಟ್ಟುವಾಗ ಎಫ್. ಡಬ್ಲ್ಯೂ. ಸ್ಟೀವನ್ಸ್ ಕೈಕೆಳಗೆ ಸಹಾಯಕ ಇಂಜಿನಿಯರಾಗಿ ದುಡಿದವರು. ತಾಜ್ ಮುಗಿಯುವ ಮೊದಲೇ ಅವರು ತೀರಿಕೊಂಡರು. ಉಳಿದ ಕೆಲಸ ಮುಗಿಸಿದವರು ಇಂಗ್ಲಿಷ್ ಇಂಜಿನಿಯರ್ ಡಬ್ಲ್ಯೂ. ಎ. ಚೇಂಬರ್ಸ್. ಕಥೆಯ ಕೆಲವು ಪಾಠಗಳಲ್ಲಿ ದೆವ್ವಕ್ಕೆ ಇಟ್ಟ ಹೆಸರೂ ಇದೇ.

ಅಂದರೆ ಕೆಲಸದ ನಡುವೆ ಒಂದು ಸಾವು ನಿಜವಾಗಿಯೂ ಆಗಿತ್ತು. ಕಥೆ ಆ ಸಾವನ್ನು ಉಳಿಸಿಕೊಂಡು ಸತ್ತವನನ್ನು ಬದಲಾಯಿಸಿತು ಎಂಬುದು ನನ್ನ ಊಹೆ. ನಕ್ಷೆ ಬರೆದ ಭಾರತೀಯ ಅಳಿಸಿಹೋದ, ಮುಗಿಸಿಕೊಟ್ಟ ಇಂಗ್ಲಿಷಿನವನು ದೆವ್ವವಾಗಿ ಅಮರನಾದ. ಸಾಹೇಬನನ್ನು ಗೇಲಿ ಮಾಡಲು ಹೊರಟ ಕಥೆ ಕೊನೆಗೆ ಇಡೀ ಕಟ್ಟಡವನ್ನು ಸಾಹೇಬನ ಹೆಸರಿಗೇ ಬರೆದುಕೊಟ್ಟಿತು. ಅರ್ಧದಲ್ಲಿ ಕೈ ಬದಲಾದ ಪ್ರಾಜೆಕ್ಟುಗಳನ್ನು ನಡೆಸಿದವನಿಗೆ ಇದು ಹೊಸದೇನಲ್ಲ. ಅಭಿನಂದನೆಯ ಮೇಲ್ ಹೋಗುವುದು ಕೊನೆಯ ದಿನ ಹಾಜರಿದ್ದವನಿಗೆ. ಮೊದಲ ನಕ್ಷೆ ಬರೆದವನ ಹೆಸರು ಹಳೆಯ ಫೈಲಿನಲ್ಲಿರುತ್ತದೆ.

ಬೇಲೂರಿನಲ್ಲೂ ಆದದ್ದು ಇದೇ. ಅಲ್ಲಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪ–ಮಗನ ಜೋಡಿ ಕಲ್ಲಿನಲ್ಲೇ ಇದೆ! ಆದರೂ ಶಾಲೆಯಲ್ಲಿ ನಾನು ಕೇಳಿದ್ದು ಜಕಣಾಚಾರಿಯ ಹೆಸರನ್ನು ಮಾತ್ರ.

2008ರ ದಾಳಿಯಲ್ಲಿ ಸತ್ತವರ ಹೆಸರುಗಳನ್ನು ತಾಜ್ ತನ್ನೊಳಗೆ ಸ್ಮಾರಕವಾಗಿ ಬರೆಸಿದೆ. ಅವರ ಬಗ್ಗೆ ಗೇಟ್‌ವೇ ಬಳಿ ಯಾರೂ ನನಗೆ ದೆವ್ವದ ಕಥೆ ಹೇಳಿಲ್ಲ. ಹೆಸರಿಟ್ಟು ನೆನೆದ ಸತ್ತವರನ್ನು ದೆವ್ವ ಮಾಡುವುದು ಕಷ್ಟವಿರಬೇಕು.

ಹೋದ ಡಿಸೆಂಬರಿನಲ್ಲಿ ಮತ್ತೆ ನೆಂಟರೊಡನೆ ಹೋದಾಗ ಇನ್ನೊಬ್ಬ ಹುಡುಗ ಅದೇ ಕಥೆ ತೆಗೆದ. ನಾನು ಸುಮ್ಮನಿರಲಾರದೆ ವೈದ್ಯರ ಹೆಸರು ಹೇಳಿದೆ. “ಅವರೂ ಮೇಲಿಂದ ಹಾರಿದರಾ ಸಾಬ್?” ಎಂದ. ಇಲ್ಲ, ಕೆಲಸ ಮುಗಿಯುವ ಮೊದಲೇ ತೀರಿಕೊಂಡರು ಎಂದೆ.

“ಹಾಗಾದರೆ ಅದರಲ್ಲಿ ಕಥೆ ಏನಿದೆ?” ಎಂದು ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ.